ಡುವೋಡಿನಂ ಬಯಾಪ್ಸಿಯಲ್ಲಿ ಒಳಪೊರೆಯ ಲಿಂಫೋಸೈಟ್ ಎಣಿಸುವ ಕ್ರಮ

ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೊಟೀನಿನಿಂದ ಸಣ್ಣ ಕರುಳಿಗೆ ಹಾನಿಯಾಗುವ ರೋಗ) ಶಂಕೆಯ ಬಯಾಪ್ಸಿ ಬಂದಾಗ ಸ್ಲೈಡ್ ನೋಡುವ ಮುಂಚೆ ರೋಗಿ ದಿನವೂ ಏನು ಉಣ್ಣುತ್ತಾರೆ ಎಂದು ಕೇಳಿ. ವಿಜಯಪುರ, ಬಾಗಲಕೋಟೆ ಕಡೆಯ ಊಟ ಜೋಳದ ರೊಟ್ಟಿಯದು. ಜೋಳದಲ್ಲಾಗಲಿ ಸಜ್ಜೆಯಲ್ಲಾಗಲಿ ಗ್ಲುಟೆನ್ ಇಲ್ಲ. ಮಾದಲಿ, ಗೋಧಿ ಹುಗ್ಗಿಯನ್ನು ಹಬ್ಬಕ್ಕಷ್ಟೇ ತಿನ್ನುವವರಿಗೆ ಸೀಲಿಯಾಕ್ ಇದ್ದರೂ ಕರುಳು ಸರಿಯಾಗಿಯೇ ಕಾಣಬಹುದು, ಸೀಲಿಯಾಕ್ ಪತ್ತೆಯ ಟಿಟಿಜಿ ರಕ್ತಪರೀಕ್ಷೆಯೂ ನೆಗೆಟಿವ್ ಬರಬಹುದು. ಖಪ್ಲಿ ಗೋಧಿ ನಡೆಯುತ್ತದೆ ಎನ್ನುವುದು ತಪ್ಪು, ಅದರಲ್ಲೂ ಗ್ಲುಟೆನ್ ಇದೆ. ಮರುಪರೀಕ್ಷೆ ಬೇಕಿದ್ದರೆ ವೈದ್ಯರ ನಿಗಾದಲ್ಲಿ ದಿನಕ್ಕೆ 3 ಗ್ರಾಂ ಗ್ಲುಟೆನ್ ಕೊಡಬೇಕು: ಒಂದೆರಡು ಚಪಾತಿ, ಕನಿಷ್ಠ 2 ವಾರ. ತಡೆದುಕೊಂಡರೆ 8 ವಾರ.

ಡುವೋಡಿನಂನ (ಸಣ್ಣ ಕರುಳಿನ ಶುರುವಿನ ಭಾಗ) ಎರಡನೇ ಭಾಗದಿಂದ 4, ಅದರ ಬಾಯಿಯ ಕಡೆಯ ಬಲ್ಬಿನಿಂದ 1–2 ತುಣುಕು ಬೇಕು. 10% ಬಫರ್ಡ್ ಫಾರ್ಮಲಿನ್‌ನಲ್ಲಿಟ್ಟು, ಬ್ಲಾಕ್ ಮಾಡುವಾಗ ಅಂಚಿನ ಮೇಲೆ ನಿಲ್ಲಿಸಿ, 3–4 ಮೈಕ್ರಾನ್ ಕತ್ತರಿಸಿ. ಓರೆಯಾಗಿ ಕತ್ತರಿಸಿದರೆ ವಿಲ್ಲಸ್ (ಕರುಳಿನ ಒಳಗೋಡೆಯ ಬೆರಳಿನಂಥ ಚಾಚು) ಗಿಡ್ಡವಾಗಿ, ಒಳಪೊರೆ ಹಲವು ಪದರವಾಗಿ ಕಾಣುತ್ತದೆ. ಎಣಿಕೆ ಸುಳ್ಳಾಗುವುದು ಹೆಚ್ಚಾಗಿ ಇಲ್ಲಿಯೇ. ಲಿಂಫಾಯ್ಡ್ ಗಂಟಿನ ಮೇಲಿನ ವಿಲ್ಲಸ್ ಕೂಡ ಬಿಡಿ.

40x ಲೆನ್ಸಿನಲ್ಲಿ ನೆಟ್ಟಗಿರುವ 5 ವಿಲ್ಲಸ್ ಆರಿಸಿ, ಪ್ರತಿಯೊಂದರ ತುದಿಯಲ್ಲಿ 20 ಎಪಿಥೀಲಿಯಲ್ (ಒಳಪೊರೆಯ) ಕೋಶಗಳ ನಡುವೆ ಸಿಗುವ ಲಿಂಫೋಸೈಟ್ (ರೋಗನಿರೋಧಕ ಬಿಳಿ ಕಣ) ಎಣಿಸಿ. ಕಡುಬಣ್ಣದ ಸಣ್ಣ ನ್ಯೂಕ್ಲಿಯಸ್, ಸುತ್ತ ತೆಳು ಬಿಳಿ ಅಂಚು ಇದರ ಗುರುತು. ಒಟ್ಟು 100 ಕೋಶಗಳಿಗೆ 25 ದಾಟಿದರೆ ಹೆಚ್ಚು. ರಕ್ತದ ಲಿಂಫೋಸೈಟ್‌ಗಳ ಹಾಗೆ ಇವು ಸುತ್ತಾಡುವುದಿಲ್ಲ. ಸಿಡಿ103 ಎಂಬ ಪ್ರೊಟೀನಿನಿಂದ ಎಪಿಥೀಲಿಯಂನ ಇ-ಕ್ಯಾಡ್ಹೆರಿನ್ ಪ್ರೊಟೀನನ್ನು ಹಿಡಿದು ಅಲ್ಲೇ ನೆಲೆಸುತ್ತವೆ, ಬಹುಪಾಲು ಸಿಡಿ8 ಟಿ ಕೋಶ ಎಂಬ ಬಗೆಯ ಲಿಂಫೋಸೈಟ್‌ಗಳೇ.

ಸಂಖ್ಯೆಗಿಂತ ಹಂಚಿಕೆಗೆ ಹೆಚ್ಚು ಬೆಲೆ ಕೊಡಿ. ಆರೋಗ್ಯವಂತರಲ್ಲಿ ವಿಲ್ಲಸ್ ಬುಡದಿಂದ ತುದಿಗೆ ಹೋದಂತೆ ಇವು ಕಡಿಮೆಯಾಗುತ್ತವೆ. ಸೀಲಿಯಾಕ್‌ನಲ್ಲಿ ಆ ಇಳಿಕೆ ಮಾಯವಾಗಿ ತುದಿಯವರೆಗೂ ತುಂಬಿರುತ್ತವೆ. ಅನುಮಾನವಿದ್ದರೆ ಮಾತ್ರ ಟಿ ಕೋಶಗಳಿಗೆ ಬಣ್ಣ ಹಿಡಿಸುವ ಸಿಡಿ3 ಸ್ಟೇನ್ ಮಾಡಿ. ಅದರಲ್ಲಿ ಎಣಿಕೆ ತುಸು ಹೆಚ್ಚೇ ಬರುತ್ತದೆ, ಮಾಮೂಲಿ ಎಚ್ ಅಂಡ್ ಇ ಸ್ಟೇನಿನ ಎಣಿಕೆಗೆ ಹೋಲಿಸಬೇಡಿ.

ವಿಲ್ಲಸ್ ಸರಿಯಿದ್ದು ಲಿಂಫೋಸೈಟ್ ಮಾತ್ರ ಹೆಚ್ಚಿದ್ದರೆ ವರದಿಯಲ್ಲಿ ಸೀಲಿಯಾಕ್ ಎಂದು ಬರೆದುಬಿಡಬೇಡಿ. ಜಠರದ ಎಚ್. ಪೈಲೋರಿ ಸೋಂಕು, ನೋವಿನ ಮಾತ್ರೆ, ಕರುಳಿನ ಪರಾವಲಂಬಿ ಜಿಯಾರ್ಡಿಯಾ, ಉಷ್ಣವಲಯದ ಕರುಳುರೋಗ ಟ್ರಾಪಿಕಲ್ ಸ್ಪ್ರೂ, ಯಾವುದರಿಂದಲೂ ಹೀಗಾಗಬಹುದು. ಸೌಲಭ್ಯವಿದ್ದರೆ ಫಾರ್ಮಲಿನ್‌ಗೆ ಹಾಕದ ತಾಜಾ ತುಣುಕಿನಲ್ಲಿ ಫ್ಲೋ ಸೈಟೋಮೆಟ್ರಿಯಿಂದ (ಕೋಶಗಳನ್ನು ಬಗೆಬಗೆಯಾಗಿ ಎಣಿಸುವ ಯಂತ್ರಪರೀಕ್ಷೆ) ಗಾಮಾ-ಡೆಲ್ಟಾ ಎಂಬ ಬಗೆಯ ಟಿ ಕೋಶ ನೋಡಿ. ಸೀಲಿಯಾಕ್‌ನಲ್ಲಿ ಇವು ಗೋಧಿ ಬಿಟ್ಟ ಮೇಲೂ ಸಾಮಾನ್ಯವಾಗಿ ಹೆಚ್ಚೇ ಉಳಿಯುತ್ತವೆ, ಹಾಗಾಗಿ ಜೋಳದ ರೊಟ್ಟಿಯ ಮೇಲಿರುವ ರೋಗಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರುವ ಸುಳಿವು.