ಸ್ತನ ಕ್ಯಾನ್ಸರ್ ಆದ ಮೇಲೆ ಗರ್ಭಚೀಲದ ಆಪರೇಷನ್: ನನ್ನ ಅನುಭವ

ಸ್ತನ ಕ್ಯಾನ್ಸರಿಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದು ಸಣ್ಣ ಬಿಳಿ ಮಾತ್ರೆ. ಟ್ಯಾಮಾಕ್ಸಿಫೆನ್, 20 ಮಿಲಿಗ್ರಾಂ, ದಿನಕ್ಕೊಂದು. ಐದು ವರ್ಷ ಅಂದಿದ್ದರು, ಕೆಲವರಿಗೆ ಹತ್ತು ವರ್ಷದವರೆಗೂ ಕೊಡುತ್ತಾರೆ. ನನ್ನದು ಹಾರ್ಮೋನಿನ ಆಸರೆಯಿಂದ ಬೆಳೆಯುವ ಗಡ್ಡೆ. ಈ ಮಾತ್ರೆ ಎದೆಯಲ್ಲಿ ಈಸ್ಟ್ರೋಜನ್ ಹಾರ್ಮೋನನ್ನು ತಡೆಯುತ್ತದೆ. ಆದರೆ ಗರ್ಭಚೀಲದಲ್ಲಿ ಅದೇ ಮಾತ್ರೆ ಈಸ್ಟ್ರೋಜನ್ ಥರಾನೇ ಆಡುತ್ತದೆ. ಒಳಪದರ ದಪ್ಪ ಆಗಬಹುದು, ಪಾಲಿಪ್ (ಸಣ್ಣ ಮಾಂಸದ ಕುಡಿ) ಬೆಳೆಯಬಹುದು, ಅಪರೂಪಕ್ಕೆ ಅಲ್ಲಿಯೇ ಕ್ಯಾನ್ಸರ್ ಆಗಬಹುದು. ಮುಟ್ಟು ನಿಂತವರಲ್ಲಿ ಈ ಅಪಾಯ ಜಾಸ್ತಿ. ಮಾತ್ರೆ ಬರೆದ ದಿನವೇ ಹುಬ್ಬಳ್ಳಿಯ ಕ್ಯಾನ್ಸರ್ ಡಾಕ್ಟರ್ ಹೇಳಿದ್ದರು, "ಮುಟ್ಟು ನಿಂತ ಮ್ಯಾಲೆ ಒಂದ ಹನಿ ಕಂಡ್ರೂ ಬರ್ರಿ. ನೋಡೂಣು ಅಂತ ಕುಂದರಬ್ಯಾಡ್ರಿ."

ಕೀಮೋ ನಡೆದಾಗಲೇ ನನ್ನ ಮುಟ್ಟು ನಿಂತಿತ್ತು. ವರ್ಷಗಳಾದ ಮೇಲೆ ಒಂದು ಬೆಳಿಗ್ಗೆ ಲಂಗಕ್ಕೆ ಕಂದು ಕಲೆ. ಪಕ್ಕದ ಮನೆಯ ಕಾಕಿಗೆ ಹೇಳಿದರೆ ಖುಷಿಪಟ್ಟರು. "ಚಲೋ ಆತಲ್ಲವಾ, ಮೈ ಸುಧಾರ್ಸಿತು ಅಂತ ತಿಳಿ." ಹಾಗಲ್ಲ. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಕಾಣುವ ರಕ್ತವನ್ನು ಮುಟ್ಟು ಅಂತ ಬಿಡುವಂತಿಲ್ಲ. ತೋರಿಸಲೇಬೇಕು.

ನಂದು ಗದಗ-ಬೆಟಗೇರಿಯಲ್ಲಿ ಹೊಲಿಗೆ ಅಂಗಡಿ. ಬ್ಲೌಸ್ ಹೊಲಿಯುತ್ತೇನೆ. ಅಳತೆ ಟೇಪು ಮೈಗೆ ಸುತ್ತುವ ಹೊತ್ತಿಗೆ ಹೆಂಗಸರು ಡಾಕ್ಟರಿಗೂ ಹೇಳದ್ದನ್ನು ಹೇಳುತ್ತಾರೆ. ನಮ್ಮ ಕಡೆ ಎಷ್ಟು ಜನ ಗರ್ಭಚೀಲ ತೆಗೆಸಿಕೊಂಡಿದ್ದಾರೆ ಅಂತ ನನಗೆ ಗೊತ್ತಾದದ್ದು ಹೀಗೆಯೇ. ಹೊಲದ ಕೆಲಸಕ್ಕೆ ಹೋಗುವವರು, ಮೂವತ್ತೈದು ದಾಟದವರು. "ಬಿಳಿಪಟ್ಟ (ಬಿಳಿ ಸ್ರಾವ) ಹೋಗ್ತಿತ್ತು, ತಗಸ್ರಿ ಅಂದ್ರು, ತಗಸಿದೆ." ಅಷ್ಟೇ ಕಥೆ. ಬೇಡದ ಆಪರೇಷನ್ ತಡೆಯಲು 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚಿ ತಂದಿತು. ಮೂರು ತಿಂಗಳೊಳಗೆ ಅದನ್ನು ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ನಮ್ಮ ಓಣಿಯವರೆಗೆ ಅದು ಎಷ್ಟು ಬಂದಿದೆಯೋ, ನೀವೇ ನೋಡಿ.

ಹಾಗಾಗಿ ಊರಲ್ಲಿ ಮೊದಲು ತೋರಿಸಿದ ಕಡೆ ಸ್ಕ್ಯಾನ್ ನೋಡಿದ ತಕ್ಷಣ "ತೆಗೆಸಿಬಿಡ್ರಿ" ಅಂದಾಗ ನನಗೆ ಆಶ್ಚರ್ಯ ಆಗಲಿಲ್ಲ. ಒಳಪದರ 14 ಮಿಲಿಮೀಟರ್ ದಪ್ಪ ಅಂತ ಬಂದಿತ್ತು. "ಕ್ಯಾನ್ಸರ್ ಆದವರು ನೀವು, ಯಾಕ ರಿಸ್ಕ್? ಹೆಂಗೂ ಮಕ್ಕಳು ದೊಡ್ಡವರಾಗ್ಯಾರ, ಅದರ ಕೆಲಸ ಮುಗದೈತಿ." ಬಯಾಪ್ಸಿ, ಅಂದರೆ ಒಂದು ಚೂರು ತೆಗೆದು ಪರೀಕ್ಷೆ ಮಾಡುವುದು, ಮೊದಲು ಬೇಡವಾ ಅಂತ ಕೇಳಿದೆ. "ತಗದ ಮ್ಯಾಲೆ ಹೆಂಗೂ ಕಳಸ್ತೀವಲ್ಲ" ಅಂದರು. ಮುಂದಿನ ವಾರಕ್ಕೆ ತಾರೀಖೂ ಬರೆದುಕೊಟ್ಟರು.

ನಾನು ಒಪ್ಪಲಿಲ್ಲ. ಈ ಬರಹದಲ್ಲಿ ನೀವು ಬೇರೇನು ಮರೆತರೂ ಇದೊಂದನ್ನು ನೆನಪಿಡಿ: ಬಯಾಪ್ಸಿ ಮೊದಲು, ಆಪರೇಷನ್ ಮಾತು ಆಮೇಲೆ. ಇದಕ್ಕೆ ಎರಡು ಕಾರಣ ಇವೆ. ಎರಡನ್ನೂ ಹುಬ್ಬಳ್ಳಿಯ ಡಾಕ್ಟರ್ ನನಗೆ ಚಿತ್ರ ಬರೆದು ತೋರಿಸಿದರು. ಟ್ಯಾಮಾಕ್ಸಿಫೆನ್ ತಿನ್ನುವವರಲ್ಲಿ ಒಳಪದರದ ಕೆಳಗಿನ ಭಾಗ ಊದಿಕೊಂಡು ಸ್ಕ್ಯಾನಿನಲ್ಲಿ ದಪ್ಪಗೆ, ತೂತುತೂತಾಗಿ ಕಾಣುತ್ತದೆ. ಕೆಟ್ಟದ್ದು ಏನೂ ಇಲ್ಲದಿದ್ದರೂ ಹಾಗೆ ಕಾಣಬಹುದು. ಆ ನಂಬರ್ ಒಂದನ್ನೇ ನಂಬಿ ಕೊಯ್ಯುವಂತಿಲ್ಲ. ಅದಕ್ಕೇ ರಕ್ತ ಕಾಣದ ಹೆಂಗಸರಿಗೆ ಈ ಮಾತ್ರೆ ತಿನ್ನುತ್ತಾರೆ ಅಂತ ಸುಮ್ನೆ ವರ್ಷವರ್ಷ ಸ್ಕ್ಯಾನ್ ಮಾಡಿಸುವುದೂ ಬೇಡ ಅನ್ನುತ್ತಾರೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಒಳಗೆ ನಿಜವಾಗಿ ಕ್ಯಾನ್ಸರ್ ಇದ್ದರೆ ಆಪರೇಷನ್ನೇ ಬೇರೆ. ಎಷ್ಟು ಹರಡಿದೆ ಅಂತ ಮೊದಲು ನೋಡಬೇಕು, ಹೊಟ್ಟೆಯೊಳಗಿನ ಗಂಟುಗಳನ್ನೂ (ಲಿಂಫ್ ನೋಡ್) ಪರೀಕ್ಷೆ ಮಾಡಬೇಕಾಗಬಹುದು. ಅದಕ್ಕೆ ಕ್ಯಾನ್ಸರ್ ಸರ್ಜನ್ ಬೇಕು. ಮೊದಲು ತೆಗೆದು ಆಮೇಲೆ ಗೊತ್ತಾದರೆ ಮತ್ತೆ ಹೊಟ್ಟೆ ತೆರೆಯುವ ಪ್ರಸಂಗ ಬರಬಹುದು.

ನಮ್ಮ ಯಜಮಾನರು ಜಾಸ್ತಿ ಮಾತಾಡುವವರಲ್ಲ. ಆ ತಾರೀಖಿನ ಚೀಟಿ ನೋಡಿ "ನಡಿ, ಹುಬ್ಬಳ್ಳಿಗೆ ಹೋಗೂಣು" ಅಂದರು. ಹಳೆಯ ಫೈಲ್ ಇರುವ ಜಾಗ ಅದೇ ತಾನೇ.

ಅಲ್ಲಿ ಹಿಸ್ಟರೋಸ್ಕೋಪಿ ಮಾಡಿದರು. ಸ್ವಲ್ಪ ಹೊತ್ತು ಮಂಪರು ಕೊಟ್ಟು, ಕೆಳಗಿನಿಂದಲೇ ಸಣ್ಣ ಕ್ಯಾಮೆರಾ ಬಿಟ್ಟು, ಅನುಮಾನ ಬಂದ ಕಡೆ ಕೆರೆದು ತೆಗೆಯುತ್ತಾರೆ. ಸಂಜೆಗೆ ಮನೆಗೆ ಕಳಿಸಿದರು. ಮುಟ್ಟಿನ ಹೊಟ್ಟೆನೋವಿನಂಥ ನೋವು, ಒಂದೆರಡು ದಿನ ಕಲೆ, ಅಷ್ಟೇ. ರಿಪೋರ್ಟ್ ಬರುವವರೆಗಿನ ದಿನಗಳ ಬಗ್ಗೆ ಹೇಳುವುದೇನೂ ಇಲ್ಲ. ಒಮ್ಮೆ ಕಾದವರಿಗೆ ಅದು ಗೊತ್ತು.

ಬಂದದ್ದು "ಅಟಿಪಿಕಲ್ ಹೈಪರ್‌ಪ್ಲೇಷಿಯಾ". ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳ ರೂಪ ಕೆಟ್ಟಿದೆ, ಬಿಟ್ಟರೆ ಆ ದಾರಿ ಹಿಡಿಯಬಹುದು. ಕೆಲವರಲ್ಲಿ ಕೆರೆದ ಜಾಗದ ಪಕ್ಕದಲ್ಲೇ ಕ್ಯಾನ್ಸರ್ ಆಗಲೇ ಅಡಗಿರುವುದೂ ಉಂಟು. ಮಕ್ಕಳು ಬೇಕು ಅನ್ನುವ ಚಿಕ್ಕ ವಯಸ್ಸಿನವರಿಗೆ ಪ್ರೊಜೆಸ್ಟರಾನ್ ಹಾರ್ಮೋನ್ ಕೊಟ್ಟು ನೋಡುತ್ತಾರಂತೆ. ನನ್ನಂತೆ ಹಾರ್ಮೋನ್ ಕ್ಯಾನ್ಸರ್ ಆದವರಿಗೆ ಆ ದಾರಿ ಸರಿಹೋಗುವುದಿಲ್ಲ. ಹಾಗಾಗಿ ತೆಗೆಸಬೇಕು. ಗರ್ಭಚೀಲ, ಅದರ ಬಾಯಿ, ಎರಡೂ ನಳಿಕೆ, ಎರಡೂ ಅಂಡಾಶಯ.

ಊರಲ್ಲಿ ಹೇಳಿದ್ದೂ ಇದನ್ನೇ ಅಲ್ವಾ, ಏನು ವ್ಯತ್ಯಾಸ ಅಂತ ನಮ್ಮ ವೈನಿ ಕೇಳಿದರು. ಈಗ ನನಗೆ ಕಾರಣ ಗೊತ್ತಿತ್ತು. ಯಾರು ಕೊಯ್ಯಬೇಕು, ಏನೇನು ತೆಗೆಯಬೇಕು, ತೆಗೆದದ್ದನ್ನು ಹೇಗೆ ಪರೀಕ್ಷಿಸಬೇಕು ಅಂತ ಹುಬ್ಬಳ್ಳಿಯ ಡಾಕ್ಟರಿಗೂ ಗೊತ್ತಿತ್ತು.

ಅಂಡಾಶಯದ ಮಾತು ಬಂದಾಗ ಡಾಕ್ಟರ್ ನಮ್ಮ ಮನೆತನದ ವಿಷಯ ಕೆದಕಿ ಕೇಳಿದರು. ಅವ್ವ, ಅಕ್ಕತಂಗಿ, ಚಿಕ್ಕವ್ವ ಯಾರಿಗಾದರೂ ಎದೆಯ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತ. ಬಿಆರ್‌ಸಿಎ ಅನ್ನುವ ಜೀನ್ ಕೆಟ್ಟಿದ್ದರೆ ರೋಗ ಬರುವ ಮೊದಲೇ ನಳಿಕೆ, ಅಂಡಾಶಯ ತೆಗೆಸಲು ಹೇಳುತ್ತಾರೆ. ಬಿಆರ್‌ಸಿಎ-1 ಆದರೆ 35ರಿಂದ 40 ವರ್ಷದೊಳಗೆ, ಬಿಆರ್‌ಸಿಎ-2 ಆದರೆ 40ರಿಂದ 45. ನನ್ನ ಕಥೆ ಅದಲ್ಲ, ಆದರೆ ಮಗಳಿರುವವರು ಈ ಪ್ರಶ್ನೆ ಕೇಳಿಕೊಳ್ಳಬೇಕು.

ಒಮ್ಮೆ ಕ್ಯಾನ್ಸರ್ ಚಿಕಿತ್ಸೆ ಕಂಡ ಮೈಗೆ ಗರ್ಭಚೀಲದ ಆಪರೇಷನ್ ಅಂದರೆ ಎಲ್ಲರ ಹಾಗಲ್ಲ. ಟ್ಯಾಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟಿಸುವ ಗುಣದ್ದು. ಅದನ್ನು ಯಾವಾಗ ನಿಲ್ಲಿಸಬೇಕು ಅಂತ ಕ್ಯಾನ್ಸರ್ ಡಾಕ್ಟರ್ ಕೈಯಲ್ಲೇ ಬರೆಸಿಕೊಂಡು ಆಪರೇಷನ್ ಮಾಡುವವರಿಗೆ ಕೊಟ್ಟೆ. ನಾವಾಗಿ ನಿಲ್ಲಿಸುವುದಲ್ಲ. ನನಗೆ ಕೊಟ್ಟ ಕೆಂಪು ಕೀಮೋ ಹೃದಯಕ್ಕೆ ತೊಂದರೆ ಮಾಡುವ ಔಷಧ. ಅದಕ್ಕೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದರು. ಕೇಳದಿದ್ದರೂ ಕೀಮೋ ಹೆಸರುಗಳಿರುವ ಡಿಸ್ಚಾರ್ಜ್ ಹಾಳೆಯನ್ನು ಅರಿವಳಿಕೆ ಡಾಕ್ಟರಿಗೆ ತೋರಿಸಿ.

ಆಮೇಲೆ ಕೈ. ಎಡಗಡೆ ಕಂಕುಳಿನ ಗಂಟು ತೆಗೆದಿದ್ದರಿಂದ ಆ ಕೈಗೆ ಸೂಜಿ, ಬಿಪಿ ಪಟ್ಟಿ ಬೇಡ ಅಂದಿದ್ದರು, ಬಾವು ಬರಬಾರದು ಅಂತ. ಈಗೀಗ ಅಷ್ಟು ಕಟ್ಟುನಿಟ್ಟು ಬೇಕಿಲ್ಲ ಅನ್ನುವ ಡಾಕ್ಟರುಗಳೂ ಇದ್ದಾರೆ, ಆದರೂ ಇನ್ನೊಂದು ಕೈ ಇರುವಾಗ ಇದು ಯಾಕೆ? ಮಂಪರಿನಲ್ಲಿದ್ದಾಗ ಹೇಳುವವರು ಯಾರು ಅನ್ನುವ ಚಿಂತೆ ನನಗೆ. ಅಂಗಡಿಯಲ್ಲಿ ಉಳಿದ ಕೆಂಪು ಲೈನಿಂಗ್ ಬಟ್ಟೆಯಲ್ಲಿ ಸಡಿಲವಾದ ಪಟ್ಟಿ ಹೊಲಿದು, ಬಿಳಿ ದಾರದಲ್ಲಿ "ಈ ಕೈ ಬೇಡ" ಅಂತ ಕಸೂತಿ ಮಾಡಿ ಕಟ್ಟಿಕೊಂಡು ಹೋದೆ. ಥಿಯೇಟರಿನ ಸಿಸ್ಟರ್ ನಕ್ಕರು. "ಅಕ್ಕಾರ, ಇಂಥಾದ್ದು ನಾಕ ಹೊಲದ ಕೊಡ್ರಿ, ವಾರ್ಡಿಗೆ ಬೇಕು." ಬಲಗೈಯ ರಕ್ತನಾಳಗಳು ಕೀಮೋಗೆ ಸುಟ್ಟು ಗಟ್ಟಿಯಾಗಿದ್ದವು, ಸೂಜಿ ಸಿಗಲು ಅವರು ಬೆವರಿದರು ಅನ್ನುವುದು ಬೇರೆ ಮಾತು.

ದೂರ್ಬೀನಿನ (ಲ್ಯಾಪರೊಸ್ಕೋಪಿ) ಆಪರೇಷನ್. ಹೊಟ್ಟೆಯ ಮೇಲೆ ಸಣ್ಣ ಸಣ್ಣ ತೂತು, ಗರ್ಭಚೀಲವನ್ನು ತುಂಡು ಮಾಡದೆ ಕೆಳಗಿನಿಂದ ಇಡಿಯಾಗಿ ತೆಗೆದರು. ಎಚ್ಚರವಾದ ಮರುದಿನ ಹೊಟ್ಟೆಗಿಂತ ಬಲ ಭುಜ ನೋಯತೊಡಗಿತು. ಕ್ಯಾನ್ಸರ್ ಆದವರಿಗೆ ಭುಜ ನೋವು ಅಂದರೆ ತಲೆಗೆ ಬರುವುದು ಒಂದೇ, ಎಲುಬಿಗೆ ಹೋಯಿತಾ? ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ರೌಂಡಿಗೆ ಬಂದ ಡಾಕ್ಟರ್ ಹೇಳಿದರು, ಹೊಟ್ಟೆ ಉಬ್ಬಿಸಲು ತುಂಬುವ ಗ್ಯಾಸ್ ಸ್ವಲ್ಪ ಒಳಗೆ ಉಳಿದು ಎದೆ-ಹೊಟ್ಟೆ ನಡುವಿನ ಪರದೆಯನ್ನು ಕೆಣಕುತ್ತದೆ, ಅದರ ನೋವು ಭುಜದಲ್ಲಿ ಕಾಣುತ್ತದೆ ಅಂತ. ಓಡಾಡಿದಂತೆ ಹೋಯಿತು. ಓಡಾಡಲೇಬೇಕಿತ್ತು, ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದಲ್ಲ. ಬಿಗಿ ಕಾಲುಚೀಲ ಹಾಕಿದ್ದರು, ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದರು.

ಖರ್ಚಿನ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕರು) ಕೇಳಿ.

ಮನೆಗೆ ಬಂದಾಗ ವೈನಿ ಡಬ್ಬಿ ತುಂಬ ಅಂಟಿನುಂಡಿ ಮಾಡಿ ತಂದಿದ್ದರು. ಅತ್ತಿ ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಕೂರಿಸಿದರು. ಪಕ್ಕಾ ಬಾಣಂತನ! ಗರ್ಭಚೀಲ ಹೋದದ್ದಕ್ಕೂ ಹಡೆದದ್ದಕ್ಕೂ ಒಂದೇ ಉಪಚಾರ. ನಗು ಬಂತು, ಬೇಡ ಅನ್ನಲಿಲ್ಲ. ಆದರೆ ಮಲ ಗಟ್ಟಿಯಾಗಿ ಮುಕ್ಕರಿಯುವಂತಾಗಬಾರದು ಅಂದಿದ್ದರಿಂದ ಉಂಡಿ ಸ್ವಲ್ಪವೇ ತಿಂದು ಜೋಳದ ನುಚ್ಚು, ಮಜ್ಜಿಗೆ, ಸೊಪ್ಪು, ರಾತ್ರಿ ಇಸಬ್‌ಗೋಲ್ ಮೇಲೆ ನಿಂತೆ. ಅಶೋಕಾರಿಷ್ಟ ಕುಡಿ, ಶತಾವರಿ ತೊಗೋ ಅಂತ ಹೇಳುವವರೂ ಬಂದರು. ಹಾರ್ಮೋನಿನ ಗುಣ ಇರಬಹುದಾದ ಯಾವುದನ್ನೂ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಮುಟ್ಟುವುದಿಲ್ಲ ಅಂತ ಕೈ ಮುಗಿದೆ.

ಕಷ್ಟ ಆದದ್ದು ನಳ ಬಂದ ದಿನ. ನಮ್ಮೂರಲ್ಲಿ ನೀರು ಯಾವಾಗಲೋ ಬರುತ್ತದೆ, ಬಂದಾಗ ಮನೆಯವರೆಲ್ಲ ಕೊಡ ಹಿಡಿದು ನಿಲ್ಲಬೇಕು. ಆರು ವಾರ ತುಂಬಿದ ಕೊಡ ಎತ್ತುವಂತಿಲ್ಲ. ಕಟ್ಟೆ ಮೇಲೆ ಕೂತು ಯಜಮಾನರು ನೀರು ಹೊರುವುದನ್ನು ನೋಡಿದೆ. ಓಣಿಯ ಗಂಡಸರು ಅವರಿಗೆ ಏನೇನೋ ಅಂದರು, ಅವರು ಕೇಳಿಸಿಕೊಳ್ಳಲಿಲ್ಲ. ಮಷಿನ್ ತುಳಿಯುವುದೂ ಅಷ್ಟು ದಿನ ಬಂದ್.

ಗಂಡ ಹೆಂಡತಿ ವಿಷಯವನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಯೋನಿಯೊಳಗೆ ಮೇಲುಗಡೆ ಹೊಲಿಗೆ ಇರುತ್ತದೆ, ಅದು ಮಾಯುವ ತನಕ, ಡಾಕ್ಟರ್ ನೋಡಿ ಸರಿ ಅನ್ನುವ ತನಕ ಸೇರುವುದು ಬೇಡ. ಆಮೇಲೆ ಒಣಗಿದಂತೆ ಆಗಿ ನೋಯುತ್ತದೆ. ಬೇರೆ ಹೆಂಗಸರಿಗೆ ಹಾರ್ಮೋನ್ ಕ್ರೀಮ್ ಬರೆಯುತ್ತಾರೆ, ನಮಗೆ ಹಾರ್ಮೋನ್ ಇಲ್ಲದ ಜೆಲ್ ಮೊದಲು. ನಾಚದೆ ಕೇಳಿ. ಮೈ ಬಿಸಿಯಾಗಿ ಬೆವರುವುದಕ್ಕೂ ಹಾರ್ಮೋನ್ ಮಾತ್ರೆ ಇಲ್ಲ. ಬೇರೆ ಮಾತ್ರೆಗಳಿವೆ. ಆದರೆ ಟ್ಯಾಮಾಕ್ಸಿಫೆನ್ ತಿನ್ನುತ್ತಿದ್ದರೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಥರದವು ಅದರ ಕೆಲಸಕ್ಕೆ ಅಡ್ಡ ಬರುತ್ತವೆ, ಯಾರು ಬರೆದುಕೊಟ್ಟರೂ ಒಮ್ಮೆ ಹೇಳಿ.

ಜ್ವರ, ವಾಸನೆಯ ಸ್ರಾವ, ಜಾಸ್ತಿ ರಕ್ತ, ಒಂದೇ ಮೀನಖಂಡ ಊದಿ ನೋಯುವುದು, ಏದುಸಿರು. ಇವು ಬಂದರೆ ರಾತ್ರಿಯಾದರೂ ಹೋಗಬೇಕು. ನನಗೆ ಯಾವುದೂ ಬರಲಿಲ್ಲ.

ಜನ ಆಡಿದ ಒಂದು ಮಾತು ಮಾತ್ರ ಇನ್ನೂ ಚುಚ್ಚುತ್ತದೆ: "ಅದರ ಕೆಲಸ ಮುಗದೈತಿ." ಎದೆ ಹೋದಾಗ ಎಲ್ಲರೂ ಕಣ್ಣೀರು ಹಾಕಿದರು. ಇದಕ್ಕೆ ಯಾರಿಗೂ ಏನೂ ಅನಿಸಲಿಲ್ಲ. ನನಗೆ ಅನಿಸಿತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅತ್ತೆ, ಆಮೇಲೆ ಎದ್ದು ಚಹಾ ಮಾಡಿಕೊಂಡೆ.

ಕೊನೆಯ ರಿಪೋರ್ಟಿನಲ್ಲಿ ಕ್ಯಾನ್ಸರ್ ಇರಲಿಲ್ಲ, ಬಯಾಪ್ಸಿಯಲ್ಲಿ ಹೇಳಿದ್ದಷ್ಟೇ. ಟ್ಯಾಮಾಕ್ಸಿಫೆನ್ ಮತ್ತೆ ಶುರು ಮಾಡಲಿಲ್ಲ. ಈಗ ಲೆಟ್ರೊಜೋಲ್, 2.5 ಮಿಲಿಗ್ರಾಂ. ಮುಟ್ಟು ನಿಂತವರಿಗೆ ಕೊಡುವ ಮಾತ್ರೆ ಇದು, ಎಲುಬು ಸವೆಸುತ್ತದೆ. ಅದಕ್ಕೆ ಡೆಕ್ಸಾ ಸ್ಕ್ಯಾನ್ ಮಾಡಿಸಿ ಕ್ಯಾಲ್ಸಿಯಂ, ವಿಟಮಿನ್ ಡಿ ಹಚ್ಚಿದ್ದಾರೆ. ಬೆಳಿಗ್ಗೆ ಬೆರಳು ಬಿಗಿದು ಕತ್ತರಿ ಹಿಡಿಯಲು ಆಗುವುದಿಲ್ಲ, ಕಟಿಂಗ್ ಕೆಲಸವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೇನೆ. ಮಷಿನ್‌ಗೆ ಮೋಟರ್ ಹಾಕಿಸಿದೆ. ಎರಡೂ ಆಪರೇಷನ್ನಿನ ರಿಪೋರ್ಟು, ಸ್ಲೈಡು, ಮೇಣದ ಬ್ಲಾಕು (ಪರೀಕ್ಷೆಗೆ ತೆಗೆದ ಚೂರು ಕಾಪಿಟ್ಟದ್ದು) ಎಲ್ಲಿವೆ ಅಂತ ಫೈಲಿನ ಮೊದಲ ಹಾಳೆಯಲ್ಲೇ ಬರೆದಿಟ್ಟಿದ್ದೇನೆ. ಮುಂದೆ ಯಾವ ಡಾಕ್ಟರ್ ಕೇಳಿದರೂ ಮಗಳು ಹುಡುಕಬಾರದು.