ಬಿ.ಕಾಂ. ಆನರ್ಸ್: ನಾಲ್ಕನೆಯ ವರ್ಷವನ್ನು ನಾನು ಓದಿದ ಬಗೆ

ಚಿಕ್ಕಮಗಳೂರಿನಲ್ಲಿ ನಾನು ಬಿ.ಕಾಂ.ಗೆ ಸೇರಿದ್ದು 2021ರಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯಡಿ ರಾಜ್ಯದಲ್ಲಿ ಪದವಿಗೆ ಕಾಲಿಟ್ಟ ಮೊದಲ ತಂಡ ನಮ್ಮದು. ಮೂರು ವರ್ಷ ಓದಿದರೆ ಪದವಿ, ನಾಲ್ಕನೆಯದನ್ನೂ ಓದಿದರೆ ಆನರ್ಸ್ ಎಂದು ಪ್ರವೇಶದ ದಿನವೇ ಹೇಳಿದ್ದರು. ನಾವು ಮೂರನೆಯ ವರ್ಷ ಮುಗಿಸುವ ಹೊತ್ತಿಗೆ, 2024ರ ಮೇ ತಿಂಗಳಲ್ಲಿ, ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ಆಗಲೇ ಸೇರಿದ್ದವರಿಗೆ ಮಾತ್ರ, ಇಷ್ಟವಿದ್ದರೆ ನಾಲ್ಕನೆಯ ವರ್ಷ ಓದುವ ಬಾಗಿಲು ತೆರೆದೇ ಇತ್ತು.

ತರಗತಿಯ ಹೆಚ್ಚಿನವರು ಹೊರಟರು. ಕೆಲವರು ಬೆಂಗಳೂರಿನ ಕಂಪನಿಗಳಿಗೆ, ಕೆಲವರು ನೇರವಾಗಿ ಎಂ.ಕಾಂ.ಗೆ. ಶೇ 55 ಅಂಕ ದಾಟಿದ ವಾಣಿಜ್ಯ ಪದವೀಧರರಿಗೆ ಸಿ.ಎ. (ಚಾರ್ಟರ್ಡ್ ಅಕೌಂಟೆನ್ಸಿ) ಕೋರ್ಸಿನ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬೇಕಿಲ್ಲವಾದ್ದರಿಂದ ಇನ್ನು ಕೆಲವರು ನೇರವಾಗಿ ಎರಡನೆಯ ಹಂತದ ಇಂಟರ್‌ಮೀಡಿಯೆಟ್‌ಗೆ ಹೆಸರು ಬರೆಸಿದರು. ನಮ್ಮ ಮನೆಯಲ್ಲೂ ಪ್ರಶ್ನೆ ಎದ್ದಿತು. "ಮೂರು ವರ್ಷಕ್ಕೇ ಡಿಗ್ರಿ ಕೈಗೆ ಬರುವಾಗ ನಾಲ್ಕು ವರ್ಷ ಯಾಕಮ್ಮ ಓದಬೇಕು?" ಎಂದು ಅಪ್ಪ ಕೇಳಿದರು. ಅದಕ್ಕೆ ನನ್ನ ಬಳಿ ಇದ್ದ ಉತ್ತರ ಹಣದ ಲೆಕ್ಕದ್ದಲ್ಲ. ಮೂರು ವರ್ಷ ನಾನು ಬಿಡಿಸಿದ ಲೆಕ್ಕಗಳೆಲ್ಲ 'ಎಕ್ಸ್ ಲಿಮಿಟೆಡ್', 'ವೈ ಲಿಮಿಟೆಡ್' ಎಂಬ ಹೆಸರಿನವು. ಊರಿನ ಒಂದು ನಿಜವಾದ ಲೆಕ್ಕದ ಪುಸ್ತಕವನ್ನು ಮುಂದಿಟ್ಟರೆ ಅದನ್ನು ಓದಲು ಬರುತ್ತದೆಯೇ ಎಂಬ ಅನುಮಾನ ನನಗಿತ್ತು. ಸಂಶೋಧನಾ ಪ್ರಬಂಧ ಇರುವುದು ನಾಲ್ಕನೆಯ ವರ್ಷದಲ್ಲಿ. ಉಳಿದುಕೊಂಡದ್ದು ಅದಕ್ಕಾಗಿ.

ಮುಂದಿನ ದಾರಿಯ ಬಗ್ಗೆಯೂ ಒಂದಿಷ್ಟು ಯೋಚಿಸಿದ್ದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಡಿಸೆಂಬರ್‌ನಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಮತ್ತು ಅದಕ್ಕಿಂತ ಹೆಚ್ಚು ಪಡೆದವರು ಸಂಶೋಧನೆಯೊಂದಿಗಿನ ಆನರ್ಸ್ ಆರಿಸಿಕೊಳ್ಳಬಹುದು. ನಾಲ್ಕು ವರ್ಷ ಮುಗಿಸಿದವರಿಗೆ ಸ್ನಾತಕೋತ್ತರ ಪದವಿ ಒಂದೇ ವರ್ಷದ್ದಾಗಬಹುದು ಎಂದು 2024ರ ಚೌಕಟ್ಟು ಹೇಳುತ್ತದೆ. ಶೇ 75 ಇದ್ದರೆ ಎಂ.ಕಾಂ. ಇಲ್ಲದೆಯೇ ಎನ್‌ಇಟಿ (ಪಿಎಚ್.ಡಿ. ಪ್ರವೇಶಕ್ಕೂ ಬಳಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು. ಇವೆಲ್ಲ ಕಾಗದದ ಮೇಲೆ ಚೆನ್ನಾಗಿಯೇ ಇವೆ. ಆದರೆ ನೀವು ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯ ಒಂದು ವರ್ಷದ ಎಂ.ಕಾಂ. ನಡೆಸುತ್ತದೆಯೇ ಎಂಬುದನ್ನು ಅರ್ಜಿ ಬರೆದು ಕೇಳಿ, ಲಿಖಿತ ಉತ್ತರ ಇಟ್ಟುಕೊಳ್ಳಿ. ಕಾಲೇಜು ಕಚೇರಿಯ ಕಿಟಕಿಯಲ್ಲಿ ಬಾಯಿಮಾತಿನಲ್ಲಿ ಸಿಗುವ ಉತ್ತರ ವಾರಕ್ಕೊಮ್ಮೆ ಬದಲಾಗುತ್ತದೆ.

ಲೆಕ್ಕಶಾಸ್ತ್ರದ ಪತ್ರಿಕೆಗಳಲ್ಲಿ ನನಗೆ ನೆರವಾದದ್ದು ಪಠ್ಯದ ಮಾದರಿ ಲೆಕ್ಕಗಳ ಜೊತೆಗೆ ಒಂದು ನಿಜವಾದ ಕಂಪನಿಯನ್ನು ಇಟ್ಟುಕೊಂಡದ್ದು. ಟಾಟಾ ಕಾಫಿಯನ್ನು ಆರಿಸಿಕೊಂಡೆ. ಕೊಡಗು, ಹಾಸನ, ಚಿಕ್ಕಮಗಳೂರು ಮೂರೂ ಜಿಲ್ಲೆಗಳಲ್ಲಿ ತೋಟಗಳಿದ್ದ ಕಂಪನಿ ಅದು, ಹೆಸರು ನಮ್ಮ ಕಡೆ ಮಕ್ಕಳಿಗೂ ಗೊತ್ತು. 2024ರ ಜನವರಿ 1ರಿಂದ ಅದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನೊಳಗೆ ಸೇರಿಹೋಯಿತು. ಮೊದಲು ತೋಟದ ವ್ಯವಹಾರವನ್ನು ಬೇರ್ಪಡಿಸಿ, ಆಮೇಲೆ ಉಳಿದದ್ದನ್ನು ವಿಲೀನಗೊಳಿಸಿದರು. ಬೇರ್ಪಡಿಸಿದ ಭಾಗಕ್ಕೆ ಟಾಟಾ ಕಾಫಿಯ 22 ಷೇರಿಗೆ ಟಾಟಾ ಕನ್ಸ್ಯೂಮರ್‌ನ 1 ಷೇರು, ಉಳಿದ ಭಾಗಕ್ಕೆ 55ಕ್ಕೆ 14. ಎರಡನ್ನೂ ಕೂಡಿಸಿ ನೋಡಿ: 110ಕ್ಕೆ 5 ಮತ್ತು 110ಕ್ಕೆ 28, ಒಟ್ಟು 110ಕ್ಕೆ 33. ಅಂದರೆ 10 ಷೇರಿಗೆ 3. ಪತ್ರಿಕೆಗಳಲ್ಲಿ ಬಂದದ್ದು ಈ ಕೊನೆಯ ಸಂಖ್ಯೆ. ಅದು ಎಲ್ಲಿಂದ ಬಂತು ಎಂದು ಕೈಯಲ್ಲಿ ಬಿಡಿಸಿದ ಮೇಲೆ ವಿಲೀನದ ಅಧ್ಯಾಯ ನನಗೆ ಭಾರವೆನಿಸಲಿಲ್ಲ. ಮಾತೃಕಂಪನಿಯಾದ ಟಾಟಾ ಕನ್ಸ್ಯೂಮರ್‌ನ ಕೈಯಲ್ಲಿ ಟಾಟಾ ಕಾಫಿಯ ಅರ್ಧಕ್ಕಿಂತ ಹೆಚ್ಚು ಷೇರುಗಳು ಮೊದಲೇ ಇದ್ದುದರಿಂದ, ಹೊಸ ಷೇರು ಸಿಕ್ಕಿದ್ದು ಉಳಿದ ಷೇರುದಾರರಿಗೆ ಮಾತ್ರ. ಮಾತೃಕಂಪನಿ ಮತ್ತು ಅಂಗಸಂಸ್ಥೆಗಳನ್ನು ಒಟ್ಟಿಗೆ ತೋರಿಸುವ ಕ್ರೋಡೀಕೃತ ಆಸ್ತಿ-ಹೊಣೆ ಪಟ್ಟಿಯಲ್ಲಿ ಅವರ ಪಾಲನ್ನು ತೋರಿಸುವ ಸಾಲು ವಿಲೀನದ ನಂತರ ಏನಾಗುತ್ತದೆ ಎಂಬುದನ್ನು ಹಳೆಯ ಮತ್ತು ಹೊಸ ವಾರ್ಷಿಕ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಪಠ್ಯದಲ್ಲಿ ಎರಡು ಪುಟ ತಿಂದ ವಿವರಣೆ ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

ಅದೇ ವರದಿಗಳಲ್ಲಿ ಕೃಷಿಗೆ ಸಂಬಂಧಿಸಿದ ಭಾರತೀಯ ಲೆಕ್ಕ ಮಾನದಂಡವಾದ ಇಂಡ್ ಎಎಸ್ 41 ಕೂಡ ಕಣ್ಣಿಗೆ ಬಿತ್ತು. ಕಾಫಿ ಗಿಡ ಹತ್ತಾರು ವರ್ಷ ಫಸಲು ಕೊಡುವಂಥದ್ದು, ಆದ್ದರಿಂದ ಅದನ್ನು ಯಂತ್ರ, ಕಟ್ಟಡಗಳ ಹಾಗೆ ಸ್ಥಿರ ಆಸ್ತಿಯ ಮಾನದಂಡದಡಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಿಡದ ಮೇಲಿರುವ ಹಣ್ಣಿಗೆ ಮಾತ್ರ ಮಾರುಕಟ್ಟೆಯ ನ್ಯಾಯಬೆಲೆಯಿಂದ ಮಾರಾಟದ ಖರ್ಚು ಕಳೆದು ಬೆಲೆ ಕಟ್ಟುತ್ತಾರೆ. ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ನಕ್ಕರು. "ಗಿಡದ ಮೇಲಿನ ಹಣ್ಣಿಗೆ ಬೆಲೆ ಕಟ್ಟುವ ಧೈರ್ಯ ಕಂಪನಿಯವರಿಗೆ ಇರಬಹುದು ಮಗಳೇ, ಕೊಯ್ಲಿನ ಹೊತ್ತಿಗೆ ಒಂದು ಮಳೆ ಹೊಡೆದರೆ ನಮಗೆ ಏನೂ ಇಲ್ಲ." ಮಾನದಂಡಕ್ಕೆ ಬಂದ ಟೀಕೆಗಳಲ್ಲಿ ನಾನು ಕೇಳಿದ ಅತ್ಯಂತ ಚೊಕ್ಕವಾದದ್ದು ಅದು.

ಆದಾಯ ತೆರಿಗೆಯಲ್ಲೂ ಊರೇ ಪಠ್ಯವಾಯಿತು. ನಾನು ಓದಿದ್ದು 1961ರ ಕಾಯ್ದೆ, 1962ರ ನಿಯಮಗಳು. ಅದರ 7ಬಿ ನಿಯಮದ ಪ್ರಕಾರ ತಾನೇ ಬೆಳೆದು, ತಾನೇ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಶುದ್ಧ ಮಾಡುವ ಕೆಲಸ) ಮಾಡಿಸಿ ಕಾಫಿ ಮಾರಿದರೆ ಬಂದ ಆದಾಯದಲ್ಲಿ ಶೇ 25 ವ್ಯಾಪಾರದ ಆದಾಯ, ಶೇ 75 ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರುವವರೆಗೂ ಹೋದರೆ ವ್ಯಾಪಾರದ ಪಾಲು ಶೇ 40. ಪಲ್ಪ್ ಮಾಡಿ, ಅಂದರೆ ಹಣ್ಣಿನ ತಿರುಳು ತೆಗೆದು, ಒಳಸಿಪ್ಪೆಯೊಂದಿಗೇ ಒಣಗಿಸಿದ ಪಾರ್ಚ್‌ಮೆಂಟನ್ನೋ ಇಡೀ ಹಣ್ಣಾಗಿಯೇ ಒಣಗಿದ ಚೆರ್ರಿಯನ್ನೋ ಕಣದಿಂದಲೇ ವ್ಯಾಪಾರಿಗೆ ಕೊಡುವ ಸಣ್ಣ ಬೆಳೆಗಾರನಿಗೆ ಈ ವಿಂಗಡಣೆ ಇಲ್ಲ, ಎಲ್ಲವೂ ಕೃಷಿ ಆದಾಯ. ಅದೇ ತೋಟದ ಮೂಲೆಯಲ್ಲಿ ಹೋಮ್‌ಸ್ಟೇ ಇದ್ದರೆ ಅದರ ಬಾಡಿಗೆ ಕೃಷಿ ಆದಾಯವಲ್ಲ, ಅತಿಥಿಗಳಿಗೆ ತೋಟದ್ದೇ ಕಾಫಿ ಕುಡಿಸಿದರೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ಈ ಎರಡು ಲೆಕ್ಕಗಳನ್ನು ಒಂದೇ ಪುಸ್ತಕದಲ್ಲಿ ಬೆರೆಸಿಟ್ಟವರು ಎಷ್ಟೋ ಮಂದಿ. ಈಗ 2025ರ ಹೊಸ ಕಾಯ್ದೆ ಬಂದಿರುವುದರಿಂದ ಓದುವವರು ನಿಯಮದ ಸಂಖ್ಯೆಯನ್ನು ಉರುಹೊಡೆಯುವುದಕ್ಕಿಂತ ವಿಂಗಡಣೆಯ ಹಿಂದಿನ ತರ್ಕವನ್ನು ಹಿಡಿಯುವುದು ಒಳ್ಳೆಯದು: ಎಲ್ಲಿಯವರೆಗೆ ಬೇಸಾಯ, ಎಲ್ಲಿಂದ ಕಾರ್ಖಾನೆ?

ಇನ್ನು ಪ್ರಬಂಧ. ವರ್ಷದ ನಿಜವಾದ ಕೆಲಸ ಇದೇ.

ವಾಣಿಜ್ಯ ವಿಭಾಗಗಳಲ್ಲಿ ಪ್ರಬಂಧಕ್ಕೆ ಒಂದು ಸಿದ್ಧ ಅಚ್ಚು ಇದೆ. ಮೊಬೈಲ್ ಪಾವತಿ ಅಥವಾ ಆನ್‌ಲೈನ್ ಖರೀದಿಯ ಬಗ್ಗೆ 'ಗ್ರಾಹಕರ ಮನೋಭಾವ: ಒಂದು ಅಧ್ಯಯನ' ಎಂಬ ಶೀರ್ಷಿಕೆ, ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಗೂಗಲ್ ಫಾರ್ಮ್, ನೂರು ಉತ್ತರ, 'ಪೂರ್ಣವಾಗಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗೆ ಐದು ಮನೆ, ಕೊನೆಗೊಂದು ಕೈ-ವರ್ಗ (ಕೈ-ಸ್ಕ್ವೇರ್) ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ. ಅಂಕ ಬರುತ್ತವೆ. ಆದರೆ ಉತ್ತರ ಕೊಟ್ಟವರು ಯಾರು, ಯಾರನ್ನು ಪ್ರತಿನಿಧಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನನ್ನ ಮಾರ್ಗದರ್ಶಕಿ ಮೇಡಂ ಕೇಳುವವರು. ಕಾಫಿ ಬೆಳೆಗಾರರ ಬಗ್ಗೆ ಬರೆಯುತ್ತೇನೆ ಎಂದಾಗ ಅವರು, "ಕಾಫಿ ಅಂದರೆ ವಿಷಯ ಆಯಿತು. ಪ್ರಶ್ನೆ ಎಲ್ಲಿದೆ?" ಎಂದರು.

ಪ್ರಶ್ನೆ ಸಿಕ್ಕಿದ್ದು ಆಲ್ದೂರಿನ ಕಡೆಯ ಒಂದು ತೋಟದಲ್ಲಿ, ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ನೋಡುತ್ತ ಕುಳಿತಿದ್ದಾಗ. ರೊಬಸ್ಟಾ ಎಂಬ ಕಾಫಿ ತಳಿಯ ಚೆರ್ರಿಯನ್ನು ಕೆಲವರು ಕಣದಿಂದಲೇ ಮಾರುತ್ತಾರೆ, ಕೆಲವರು ದರ ಏರಲಿ ಎಂದು ಗೋದಾಮಿನಲ್ಲಿ ಇಡುತ್ತಾರೆ. ಇಡುವುದಕ್ಕೆ ಎಷ್ಟು ಖರ್ಚು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಖರ್ಚೇನಿದೆ? ಗೋದಾಮು ನಮ್ಮದೇ." ವೆಚ್ಚ ಲೆಕ್ಕಶಾಸ್ತ್ರ ಓದಿದವರಿಗೆ ಇಂಥ ಮಾತು ಕೇಳಿದರೆ ಸುಮ್ಮನಿರಲು ಆಗುವುದಿಲ್ಲ. ಹಾಗಾಗಿ ಪ್ರಶ್ನೆ ಇಷ್ಟಕ್ಕೆ ಇಳಿಯಿತು: ಕಾಫಿ ಹಿಡಿದಿಡುವುದರ ನಿಜವಾದ ವೆಚ್ಚ ಎಷ್ಟು, ಮಾರುವ ದಿನವನ್ನು ನಿರ್ಧರಿಸುವುದು ದರವೋ ಬೇರೆ ಏನಾದರೂ ಇದೆಯೋ?

ಲೆಕ್ಕದ ಬೆನ್ನೆಲುಬು ಸರಳವಾದದ್ದು. 50 ಕೆ.ಜಿ.ಯ ಚೀಲಕ್ಕೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು ಮಾರಿ ಸಾಲ ತೀರಿಸುವ ಬದಲು ಶೇ 9ರ ಸಾಲವನ್ನು ಮುಂದುವರಿಸಿದರೆ ತಿಂಗಳಿಗೆ 75 ರೂಪಾಯಿ ಬಡ್ಡಿ. ನಾಲ್ಕು ತಿಂಗಳಿಗೆ 300. ತೂಕ ಶೇ 1ರಷ್ಟು ಕಡಿಮೆಯಾದರೆ ಇನ್ನು 100. ಅಂದರೆ ದರ ಸುಮಾರು 10,400 ಮುಟ್ಟುವವರೆಗೆ ಕಾದವನಿಗೆ ಲಾಭವೇನೂ ಇಲ್ಲ. ಮಳೆಗಾಲಕ್ಕೆ ದಾಟಿದರೆ ಮಲೆನಾಡಿನ ಥಂಡಿಗೆ ಬೂಸ್ಟು ಹಿಡಿಯುವ ಭಯ ಬೇರೆ. ಚೆರ್ರಿಯ ಬೆಲೆ ಔಟ್‌ಟರ್ನ್ ಮೇಲೆ ನಿಂತಿದೆ, ಅಂದರೆ ಚೀಲದಲ್ಲಿ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆ ಎಂಬುದರ ಮೇಲೆ. ಒಂದೇ ದಿನ ಒಂದೇ ವ್ಯಾಪಾರಿಗೆ ಮಾರಿದ ಇಬ್ಬರಿಗೆ ಬೇರೆ ಬೇರೆ ಹಣ ಬರುವುದು ಅದರಿಂದಲೇ. ದರಗಳನ್ನು ಹೋಲಿಸುವ ಮುನ್ನ ಎಲ್ಲವನ್ನೂ ಒಂದು ಕೆ.ಜಿ. ಶುದ್ಧ ಬೀಜದ ಲೆಕ್ಕಕ್ಕೆ ಇಳಿಸಿದೆ. ಈ ಒಂದು ಹೆಜ್ಜೆಗೆ ಹಿಡಿದಷ್ಟು ಹೊತ್ತು ಇಡೀ ಸಂಖ್ಯಾಶಾಸ್ತ್ರದ ಭಾಗಕ್ಕೆ ಹಿಡಿಯಲಿಲ್ಲ.

ವಿದೇಶಿ ದರವನ್ನು ನಮ್ಮ ಚೀಲದ ಲೆಕ್ಕಕ್ಕೆ ತರುವುದನ್ನೂ ಆಗಲೇ ಕಲಿತೆ. ಇನ್ನೊಂದು ತಳಿಯಾದ ಅರೇಬಿಕಾದ ದರ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ ಇಷ್ಟು ಸೆಂಟ್ ಎಂದು, ರೊಬಸ್ಟಾ ದರ ಲಂಡನ್‌ನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ಬರುತ್ತದೆ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. 50 ಕೆ.ಜಿ. ಅಂದರೆ ಸುಮಾರು 110 ಪೌಂಡು, ಡಾಲರಿಗೆ ಆಗ 87 ರೂಪಾಯಿ ಆಸುಪಾಸು. ಗುಣಿಸಿದರೆ ಶುದ್ಧ ಬೀಜಕ್ಕೆ 38,000 ರೂಪಾಯಿಯ ಮೇಲೆ. ಪಾರ್ಚ್‌ಮೆಂಟ್‌ನಲ್ಲಿ ಸಿಪ್ಪೆ ಹೋಗಿ ಉಳಿಯುವುದು ಐದರಲ್ಲಿ ಸುಮಾರು ನಾಲ್ಕು ಪಾಲು, ಅಲ್ಲಿಗೆ 30,000 ಚಿಲ್ಲರೆ. ಕ್ಯೂರಿಂಗ್, ಸಾಗಣೆ, ವ್ಯಾಪಾರಿಯ ಪಾಲು ಕಳೆದ ಮೇಲೆ ಬೆಳೆಗಾರನ ಕೈಗೆ ಬರುವ ಬೆಲೆ. ಬಸ್ಸಿನಲ್ಲಿ ಕುಳಿತು ಪತ್ರಿಕೆಯ ಅಂಚಿನಲ್ಲಿ ಈ ಲೆಕ್ಕ ಹಾಕುತ್ತಿದ್ದಾಗ ಪಕ್ಕದ ಸೀಟಿನ ಹಿರಿಯರೊಬ್ಬರು ತಮ್ಮ ವ್ಯಾಪಾರಿ ಹೇಳಿದ ದರ ಸರಿಯಿದೆಯೇ ನೋಡು ಎಂದು ಕೇಳಿದ್ದೂ ಉಂಟು.

ಮಾಹಿತಿ ಸಂಗ್ರಹಿಸಲು ಪ್ರಶ್ನಾವಳಿ ಹಂಚಲಿಲ್ಲ. ಮಾರಾಟದ ಚೀಟಿ ಮತ್ತು ಸಾಲದ ಪಾಸ್‌ಬುಕ್ಕಿನ ತಾರೀಕುಗಳನ್ನು ಕೇಳಿದೆ. ತೋಟದವರು ತಮ್ಮ ಆದಾಯ ಎಷ್ಟೆಂದು ಹೇಳುವುದಿಲ್ಲ, ಕೇಳಲೂ ಬಾರದು. ತಾರೀಕು ತೋರಿಸಲು ಅಷ್ಟು ಸಂಕೋಚವಿಲ್ಲ. ದೊಡ್ಡಪ್ಪನ ಪರಿಚಯದಿಂದ ಮೊದಲ ಬಾಗಿಲು ತೆರೆಯಿತು, ಅಲ್ಲಿಂದ ಒಬ್ಬರು ಇನ್ನೊಬ್ಬರ ಮನೆಗೆ ಕಳುಹಿಸಿದರು. "ಪುಸ್ತಕ ನೋಡು, ನನ್ನ ಹೆಸರು ಮಾತ್ರ ಎಲ್ಲೂ ಬರೆಯಬೇಡ" ಎಂಬುದು ಎಲ್ಲರ ಷರತ್ತು. ಪ್ರತಿಯೊಬ್ಬರಿಗೂ ಒಂದು ಅಕ್ಷರ ಕೊಟ್ಟು, ಹೆಸರಿನ ಪಟ್ಟಿಯನ್ನು ಬೇರೆಯೇ ಇಟ್ಟೆ. ಕೊಯ್ಲಿನ ತಿಂಗಳುಗಳಲ್ಲಿ ಯಾರ ಮನೆಗೂ ಹೋಗಬೇಡಿ. ಹೂಮಳೆಗೆ ಕಾಯುವ ಮಾರ್ಚ್‌ನಲ್ಲಿ ಜನರಿಗೆ ಮಾತನಾಡಲು ಪುರುಸೊತ್ತೂ ಇರುತ್ತದೆ, ಮನಸ್ಸೂ ಇರುತ್ತದೆ.

ತಾರೀಕುಗಳನ್ನು ಸಾಲಾಗಿ ಇಟ್ಟಾಗ ಕಂಡದ್ದು ಇದು: ಸಣ್ಣ ಹಿಡುವಳಿದಾರರು ಮಾರುವ ದಿನ ದರದ ಏರಿಳಿತಕ್ಕಿಂತ ಸಾಲದ ಗಡುವಿಗೆ ಹತ್ತಿರ. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಕ್ಕೆ ಬಡ್ಡಿ ಶೇ 7, ಸಮಯಕ್ಕೆ ಸರಿಯಾಗಿ ಕಟ್ಟಿದರೆ ಶೇ 3 ರಿಯಾಯಿತಿ ಸಿಕ್ಕಿ ಶೇ 4. ಮೂರು ಲಕ್ಷದ ಸಾಲದಲ್ಲಿ ಗಡುವು ತಪ್ಪಿದರೆ ವರ್ಷದ 9,000 ರೂಪಾಯಿ ರಿಯಾಯಿತಿ ಕೈತಪ್ಪುತ್ತದೆ. ಸಹಕಾರ ಸಂಘದ ಶೂನ್ಯ ಬಡ್ಡಿಯ ಸಾಲವೂ ಗಡುವಿನೊಳಗೆ ಮಾತ್ರ ಶೂನ್ಯ. ಹಿಡಿದಿಡುವ ಆಯ್ಕೆ ಇರುವುದು ಸಾಲದ ಒತ್ತಡ ಇಲ್ಲದವರಿಗೆ, ಇಲ್ಲವೇ ಕಾಳುಮೆಣಸು ಮಾರಿ ಕಂತು ಕಟ್ಟಬಲ್ಲವರಿಗೆ. ಮಾದರಿ ಸಣ್ಣದಾದ್ದರಿಂದ ದೊಡ್ಡ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳನ್ನು ಹೇರಲಿಲ್ಲ. ಒಂದೊಂದು ತೋಟವನ್ನೂ ಒಂದೊಂದು ಪ್ರಕರಣವಾಗಿ ಬರೆದೆ. ಕೋಷ್ಟಕಗಳ ಸಂಖ್ಯೆ ನೋಡಿ ಪ್ರಬಂಧವನ್ನು ಅಳೆಯುವವರಿಗೆ ಇದು ಹಿಡಿಸದು.

ಓದಲು ದುಡ್ಡು ಹೆಚ್ಚು ಖರ್ಚಾಗಲಿಲ್ಲ. ಸಿ.ಎ. ಸಂಸ್ಥೆಯ ಅಧ್ಯಯನ ಸಾಮಗ್ರಿ ಉಚಿತವಾಗಿ ಸಿಗುತ್ತದೆ, ಲೆಕ್ಕಶಾಸ್ತ್ರಕ್ಕೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಕಾಣೆ. ಹಳೆಯ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಜಾಲತಾಣ ಇದೆ. ಅಲ್ಲಿ ಕಾಫಿಯ ಬಗ್ಗೆ ಹುಡುಕಿದರೆ ಏನು ಮಾಡಬಾರದು ಎಂಬುದಕ್ಕೂ ಸಾಕಷ್ಟು ಮಾದರಿಗಳು ಸಿಗುತ್ತವೆ. ದಿನದ ದರಗಳು ಕಾಫಿ ಮಂಡಳಿಯ ಜಾಲತಾಣದಲ್ಲಿವೆ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನೇರವಾಗಿ ಕೇಳಿದರು: "2023-24ರಲ್ಲಿ ಕಾದವರು ಗೆದ್ದರು. ಈ ವರ್ಷ ಫೆಬ್ರವರಿಯ ದರಕ್ಕೆ ಮಾರದೆ ಇಟ್ಟವರು ಈಗ ಕೈ ಹಿಸುಕಿಕೊಳ್ಳುತ್ತಿದ್ದಾರೆ. ನಿಮ್ಮ ಪ್ರಬಂಧ ಇಡು ಎನ್ನುತ್ತದೆಯೋ ಮಾರು ಎನ್ನುತ್ತದೆಯೋ?" ಎರಡನ್ನೂ ಹೇಳುವುದಿಲ್ಲ ಎಂದೆ. ಕಾದರೆ ದರ ಎಷ್ಟಕ್ಕೆ ಮುಟ್ಟಬೇಕು ಎಂಬುದನ್ನು ತಿಂಗಳುವಾರು ತೋರಿಸುತ್ತದೆ, ಅಷ್ಟು ಮುಟ್ಟುತ್ತದೆಯೇ ಎಂಬುದು ಬೆಳೆಗಾರರ ತೀರ್ಮಾನ. ಅವರು ಪುಟ ತಿರುಗಿಸಿ ಬಡ್ಡಿಯ ಕೋಷ್ಟಕದಲ್ಲಿ ಎರಡು ಅಂಕಿಗಳನ್ನು ತಾವೇ ಗುಣಿಸಿ ನೋಡಿ, ಮುಂದಿನ ಪ್ರಶ್ನೆಗೆ ಹೋದರು.

ಆ ತಿಂಗಳುವಾರು ಕೋಷ್ಟಕವನ್ನು ಒಂದೇ ಹಾಳೆಗೆ ಇಳಿಸಿ ಕನ್ನಡದಲ್ಲಿ ಮುದ್ರಿಸಿ, ಪುಸ್ತಕ ತೋರಿಸಿದ ಎಲ್ಲರಿಗೂ ಕೊಟ್ಟಿದ್ದೇನೆ. ಬಡ್ಡಿಯ ದರ ಮತ್ತು ಇಂದಿನ ಬೆಲೆಯನ್ನು ಅವರೇ ತುಂಬಬೇಕು. ಕಾಳುಮೆಣಸಿಗೂ ಅಂಥದ್ದೊಂದು ಹಾಳೆ ಬೇಕೆಂದು ಇಬ್ಬರು ಕೇಳಿದ್ದಾರೆ. ಮೆಣಸು ವರ್ಷಗಟ್ಟಲೆ ಇಟ್ಟರೂ ಕೆಡದಾದ್ದರಿಂದ ಅದರ ಲೆಕ್ಕ ಬೇರೆಯೇ ಆಗುತ್ತದೆ, ಈಗ ಅದನ್ನು ಹಾಕುತ್ತಿದ್ದೇನೆ.