ನೆಟ್ಸುಕೆ: ಮೊದಲು ಬೆನ್ನು, ಆಮೇಲೆ ಮುಖ

ನೆಟ್ಸುಕೆ, ಅಂದರೆ ಜಪಾನಿನಲ್ಲಿ ನಡುಪಟ್ಟಿಗೆ ದಾರ ಸಿಕ್ಕಿಸಲು ಬಳಸುತ್ತಿದ್ದ ಪುಟ್ಟ ಕೆತ್ತನೆ, ಕೈಗೆ ಬಂದ ಕೂಡಲೇ ಮಗುಚಿ ಹಿಡಿಯುವುದು ನನ್ನ ಪದ್ಧತಿ. ಕೆತ್ತಿದ್ದು ಇಲಿಯಾಗಲಿ, ಎತ್ತಾಗಲಿ, ಕಪ್ಪೆಯಾಗಲಿ, ಮುಖ ಆಮೇಲೆ. ಮೊದಲು ನೋಡುವುದು ದಾರದ ತೂತುಗಳನ್ನು; ಜಪಾನಿಯರು ಅವಕ್ಕೆ ಹಿಮೊತೊಶಿ ಅನ್ನುತ್ತಾರೆ.

ಎದೊ ಕಾಲದಲ್ಲಿ (1603–1868) ಗಂಡಸರು ಉಡುತ್ತಿದ್ದ ಕಿಮೋನೊಗೆ ಜೇಬಿರಲಿಲ್ಲ. ಔಷಧಿಯ ಪುಟ್ಟ ಡಬ್ಬಿ ಇನ್ರೊ, ತಂಬಾಕಿನ ಚೀಲ, ಹಣದ ಚೀಲ ಇವನ್ನೆಲ್ಲ ರೇಷ್ಮೆ ದಾರಕ್ಕೆ ಕಟ್ಟಿ, ದಾರವನ್ನು ಒಬಿ ಎಂಬ ನಡುಪಟ್ಟಿಯ ಹಿಂದಿನಿಂದ ಮೇಲಕ್ಕೆಳೆದು, ತುದಿಗೆ ನೆಟ್ಸುಕೆ ಕಟ್ಟುತ್ತಿದ್ದರು. ಪಟ್ಟಿಯ ಮೇಲಂಚಿಗೆ ಸಿಕ್ಕಿಕೊಂಡು ಇಡೀ ಭಾರ ತಡೆಯುವುದು ಅದರ ಕೆಲಸ. ಆದ್ದರಿಂದ ಅದು ಅಂಗೈಯಲ್ಲಿ ಅಡಗುವಷ್ಟಿರಬೇಕು, ಸಾಮಾನ್ಯವಾಗಿ 3ರಿಂದ 5 ಸೆಂ.ಮೀ. ಬಾಲ, ಕಿವಿ, ಕಾಲು ಮೈಗೆ ಒತ್ತಿಕೊಂಡಿರಬೇಕು. ಹೊರಚಾಚಿದ ಚೂಪು ಭಾಗ ಬಟ್ಟೆ ಹರಿಯುತ್ತದೆ, ಇಲ್ಲವೇ ತಾನೇ ಮುರಿಯುತ್ತದೆ.

ಎರಡು ತೂತುಗಳಲ್ಲಿ ಒಂದು ದೊಡ್ಡದಿದ್ದರೆ ಒಳ್ಳೆಯ ಸೂಚನೆ: ಗಂಟು ಒಳಗೆ ಅಡಗಲೆಂದು ಹಾಗೆ ಕೊರೆಯುತ್ತಿದ್ದರು. ಬಳಸಿದ ನೆಟ್ಸುಕೆಯಲ್ಲಿ ದಾರ ಎಳೆದ ಕಡೆಯ ಅಂಚು ಸವೆದು ನುಣುಪಾಗಿರುತ್ತದೆ. ಅಂಚು ಸುತ್ತಲೂ ಒಂದೇ ಸಮ ಚೂಪಾಗಿದ್ದು ಒಳಗೋಡೆ ಬೆಳ್ಳಗಿದ್ದರೆ, ಒಕಿಮೊನೊ ಎಂಬ ಅಲಂಕಾರದ ಬೊಂಬೆಗೆ ಆಮೇಲೆ ತೂತು ಕೊರೆದಿರುವ ಸಾಧ್ಯತೆ ಹೆಚ್ಚು. ಆದರೆ ತೂತು ಕೊರೆದಿಲ್ಲವೆಂದು ತಳ್ಳಿಹಾಕಬೇಡಿ. ಕಾಲು-ಹೊಟ್ಟೆಯ ನಡುವಿನ ಸಂದಿಯನ್ನೇ ದಾರಕ್ಕೆ ಬಿಟ್ಟ ಜಾಣ ಕೆತ್ತನೆಗಳೂ ಇವೆ. ಅನುಮಾನವಿದ್ದರೆ ಮೆತ್ತನೆ ದಾರ ಪೋಣಿಸಿ ತೂಗಿಬಿಡಿ. ಆಕೃತಿ ಮುಖ ಹೊರಗಿಟ್ಟು ನೆಟ್ಟಗೆ ಕೂರಬೇಕು. ತಲೆಕೆಳಗಾಗಿ ತಿರುಗಿಕೊಂಡರೆ ತೂತು ಕೊರೆದವನಿಗೆ ಅದರ ಬಳಕೆ ಗೊತ್ತಿರಲಿಲ್ಲ.

ಇನ್ನು ವಸ್ತು. ಅಕ್ಕಸಾಲಿಗರು ಬಳಸುವಂಥ ಹತ್ತು ಪಟ್ಟು ದೊಡ್ಡದಾಗಿಸುವ ಮಸೂರ ಸಾಕು. ಆನೆದಂತದ ಅಡ್ಡ ಸೀಳಿನಲ್ಲಿ ಒಂದನ್ನೊಂದು ದಾಟುವ ಕಮಾನುಗೆರೆಗಳು ಕಾಣುತ್ತವೆ. ದಂತದ ಹೊರ ಅಂಚಿನ ಬಳಿ ಅವುಗಳ ನಡುವಿನ ಕೋನ 115 ಡಿಗ್ರಿಗಿಂತ ಹೆಚ್ಚಿದ್ದರೆ ಆನೆ, 90ಕ್ಕಿಂತ ಕಡಿಮೆಯಿದ್ದರೆ ಮ್ಯಾಮತ್ ಎಂಬ ಅಳಿದುಹೋದ ಆನೆಜಾತಿ. ಎಲುಬಿನಲ್ಲಿ ರಕ್ತನಾಳ ಹಾದುಹೋದ ಕಪ್ಪು ಚುಕ್ಕೆ, ಸಣ್ಣ ಗೀರುಗಳಿರುತ್ತವೆ. ಜಿಂಕೆ ಕೊಂಬಿನ ಒಳತಿರುಳು ಸ್ಪಂಜಿನಂತೆ. ಅಸಾಕುಸದ ಕೆತ್ತನೆಗಾರ ಕೊಕುಸಾಯ್ ಆ ಕೊಂಬಿನಲ್ಲೇ ಹೆಸರು ಮಾಡಿದ. ನಕಲಿಗೆ ಬಳಸುವ ಅಚ್ಚಿನ ಪ್ಲಾಸ್ಟಿಕ್ಕಾದ ರೆಸಿನ್‌ನಲ್ಲಿ ಗುಳ್ಳೆ ಒಡೆದ ಗುಂಡು ಕುಳಿ, ಅಚ್ಚಿನ ಜೋಡಣೆ ಗೆರೆ ಹುಡುಕಿ. ಕತ್ತಲೆಯಲ್ಲಿ 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್ ಬಿಟ್ಟರೆ ದಂತ, ಎಲುಬು ನೀಲಿ-ಬಿಳಿಯಾಗಿ ಹೊಳೆಯುತ್ತವೆ, ಹೆಚ್ಚಿನ ರೆಸಿನ್ ಮಂಕಾಗಿರುತ್ತದೆ. ಮೇಲಿನ ಬಣ್ಣ ಈ ಹೊಳಪನ್ನು ಮುಚ್ಚುವುದರಿಂದ ತೂತಿನ ಒಳಗೂ ಬೆಳಕು ಬಿಟ್ಟು ನೋಡುತ್ತೇನೆ. ಕಾಯಿಸಿದ ಸೂಜಿ ಚುಚ್ಚುವ ಪರೀಕ್ಷೆಯನ್ನು ಯಾರು ಹೇಳಿದರೂ ಮಾಡಬೇಡಿ; ಅಸಲಿಗೂ ಕಲೆ ಉಳಿಯುತ್ತದೆ.

ಮರದಲ್ಲಿ ನನಗೆ ಬಲು ಇಷ್ಟದ ಪಾಠ ಉಕಿಬೊರಿ. ಕಪ್ಪೆಯ ಬೆನ್ನಿನ ಗುಳ್ಳೆಗಳನ್ನು ಹೀಗೆ ಎಬ್ಬಿಸುತ್ತಾರೆ: ಗುಳ್ಳೆ ಬರಬೇಕಾದ ಕಡೆ ಮೊಂಡು ಮೊಳೆಯಿಂದ ಒತ್ತಿ ಕುಳಿ ಮಾಡುತ್ತಾರೆ, ಕುಳಿಯ ತಳದ ಮಟ್ಟಕ್ಕೆ ಸುತ್ತಲಿನ ಮರ ಹೆರೆಯುತ್ತಾರೆ, ಬಿಸಿನೀರು ತಾಗಿಸುತ್ತಾರೆ. ಅದುಮಿದ ನಾರು ನೀರು ಕುಡಿದು ಉಬ್ಬಿ ಮೇಲೇಳುತ್ತದೆ. ಮಸೂರದಲ್ಲಿ ನೋಡಿದರೆ ಗುಳ್ಳೆಯ ಮೇಲೆ ನಾರು ತುಂಡಾಗದೆ ಹರಿದಿರುತ್ತದೆ, ಬುಡದಲ್ಲಿ ಉಳಿಯ ಗೀರಿರುವುದಿಲ್ಲ. ಉಳಿಯಿಂದ ಬಿಡಿಸಿದ ಗುಳ್ಳೆಯಲ್ಲಿ ಎರಡೂ ತಿರುಗುಮುರುಗು. ಇವಾಮಿ ಪ್ರಾಂತದವರು ಕಾಡುಹಂದಿಯ ಕೋರೆಯ ಮೇಲೆ ಅಕ್ಷರಗಳನ್ನೂ ಉಬ್ಬಿಸಿದ್ದಾರೆ, ಆದರೆ ಅಲ್ಲಿ ಸುತ್ತಲಿನ ಭಾಗ ತೆಗೆದೇ ಉಬ್ಬು ಬಂದಿದ್ದು.

ಸವೆತ ಉಜ್ಜುವ ಕಡೆ ಇರಬೇಕು: ಬೆನ್ನಲ್ಲಿ, ಮೊಣಕಾಲಲ್ಲಿ, ನೆತ್ತಿಯಲ್ಲಿ. ಬೆರಳೂ ಬಟ್ಟೆಯೂ ತಲುಪದ ಸಂದಿ ಸವೆದಿದ್ದರೆ, ಅಥವಾ ಕಂದು ಬಣ್ಣ ಎಲ್ಲ ಗೆರೆಗಳಲ್ಲೂ ಒಂದೇ ದಟ್ಟಣೆಯಲ್ಲಿ ನಿಂತಿದ್ದರೆ, ಹಳತು ಮಾಡಲು ಯಾರೋ ಶ್ರಮಪಟ್ಟಿದ್ದಾರೆ.

ಸಹಿ ಕೊನೆಗೆ. ಕ್ಯೋಟೋದ ಕೆತ್ತನೆಗಾರ ತೊಮೊತದನ ಎತ್ತುಗಳಿಗೆ ಎಷ್ಟು ಬೇಡಿಕೆಯಿತ್ತೆಂದರೆ, 1781ರಲ್ಲಿ ಒಸಾಕದಲ್ಲಿ ಅಚ್ಚಾದ ‘ಸೋಕೆನ್ ಕಿಶೋ’ ಎಂಬ ಪುಸ್ತಕವೇ ಅವನ ನಕಲುಗಳ ಬಗ್ಗೆ ಎಚ್ಚರಿಸುತ್ತದೆ. ಹೆಸರು ಓದಿ ಬೆಲೆ ಕಟ್ಟುವುದು ನನ್ನ ದೃಷ್ಟಿಯಲ್ಲಿ ಅಪಾಯದ ಅಭ್ಯಾಸ. ಸಹಿಯಿಲ್ಲದ ಉತ್ತಮ ಕೆಲಸ ಬೇಕಾದಷ್ಟಿದೆ.

ಭಾರತದಲ್ಲಿರುವವರು ದಂತದ ಆಸೆ ಬಿಡಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ಆದ ತಿದ್ದುಪಡಿ ಆಫ್ರಿಕದ ಆನೆದಂತದ ವ್ಯಾಪಾರವನ್ನೂ ನಿಷೇಧಿಸಿತು. ನಾನು ಮರದ ಕೆತ್ತನೆಗಷ್ಟೇ ಕೈ ಹಾಕುತ್ತೇನೆ. ದಂತದ ಅಧ್ಯಯನಕ್ಕೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಬುಶೆಲ್ ಸಂಗ್ರಹದ ಅಂತರ್ಜಾಲ ಚಿತ್ರಗಳಿವೆ. ತಳದ ಚಿತ್ರ ಇರುವುದನ್ನೇ ಆರಿಸಿಕೊಳ್ಳಿ.

ಪ್ರತಿಯೊಂದಕ್ಕೂ ಒಂದು ಕಾರ್ಡು: ಅಳತೆ, 0.1 ಗ್ರಾಂವರೆಗಿನ ತೂಕ, ವಸ್ತು, ತೂತಿನ ವ್ಯಾಸ, ಸವೆತ, ಬಿರುಕು, ಯಾರಿಂದ ಬಂತು. ಆರು ಕಡೆಯಿಂದ ಫೋಟೋ, ಜೊತೆಗೆ ಪಕ್ಕದಿಂದ ತಗ್ಗಾಗಿ ಬೆಳಕು ಬಿಟ್ಟು ಇನ್ನೊಂದು; ರಿಪೇರಿಯ ಅಂಟು ಅದರಲ್ಲೇ ಬಯಲಾಗುವುದು. ಮರಕ್ಕೆ ಎಣ್ಣೆ, ಮೇಣ ಬೇಡ. ಒಣ ಮೃದು ಬ್ರಷ್ ಸಾಕು, ಹಳೆಯ ಬಣ್ಣ ನೀರಿಗೆ ಬಿಡುವ ಸಂಭವವಿದೆ. ಗಾಜಿನ ಕಪಾಟಿನೊಳಗೆ ಬಿಸಿಯಾಗುವ ದೀಪ ಹಾಕಬೇಡಿ, ತೇವಾಂಶ ಶೇ. 50ರ ಆಸುಪಾಸಿನಲ್ಲಿ ಏರಿಳಿಯದಂತೆ ನೋಡಿಕೊಳ್ಳಿ. ಒಣಗಾಳಿಯಲ್ಲಿ ಮೊದಲು ಸಡಿಲವಾಗುವುದು ಕೂರಿಸಿದ ಕಣ್ಣುಗಳು. ಬಿದ್ದರೆ ಎಸೆಯದೆ ಕಾರ್ಡಿನ ಜೊತೆಗೇ ಪುಟ್ಟ ಕವರಿನಲ್ಲಿ ಇಡಿ.